ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆದ ಊರು

1940-41ರ ಚಳಿಗಾಲ. ದಕ್ಷಿಣ-ಮಧ್ಯ ಫ್ರಾನ್ಸಿನ ಎತ್ತರದ ಬಯಲಿನಲ್ಲಿರುವ ಲ ಶಾಂಬೋನ್ ಎಂಬ ಪುಟ್ಟ ಊರು ಹಿಮದಲ್ಲಿ ಮುಳುಗಿತ್ತು. ಅಲ್ಲಿನ ಪ್ರಾಟೆಸ್ಟಂಟ್ ಸಭಾಪಾಲಕರ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ಅಡುಗೆಮನೆಯಲ್ಲಿ ಒಲೆಯ ಮುಂದಿದ್ದ ಮಗ್ದಾ ಟ್ರೋಕ್ಮೆ ಹೋಗಿ ಬಾಗಿಲು ತೆಗೆದರು. ಹೊರಗೆ ಚಳಿಯಲ್ಲಿ ನಡುಗುತ್ತಾ ಒಬ್ಬ ಹೆಂಗಸು ನಿಂತಿದ್ದಳು. ತಾನು ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ, ತನ್ನ ಜೀವಕ್ಕೆ ಅಪಾಯವಿದೆ, ಒಳಗೆ ಬರಬಹುದೇ ಎಂದು ಕೇಳಿದಳು. ಬರಬಹುದಲ್ಲ, ಬನ್ನಿ ಎಂದು ಮಗ್ದಾ ಆಕೆಯನ್ನು ಒಳಗೆ ಕರೆದರು.

ಇತಿಹಾಸದ ಪುಸ್ತಕಗಳಲ್ಲಿ ದಾಖಲಾಗುವಷ್ಟು ದೊಡ್ಡ ಘಟನೆಯಲ್ಲ ಇದು. ಆಕೆಗೆ ಊಟ ಸಿಕ್ಕಿತು, ಒಲೆಯ ಶಾಖ ಸಿಕ್ಕಿತು. ಮಗ್ದಾ ಆಕೆಗಾಗಿ ಗುರುತಿನ ಕಾಗದ ಕೇಳಲು ಊರಿನ ಮೇಯರರ ಬಳಿ ಹೋದರು. ಒಬ್ಬ ಪರದೇಶಿ ಹೆಂಗಸಿಗಾಗಿ ಇಡೀ ಊರನ್ನೇ ಅಪಾಯಕ್ಕೆ ತಳ್ಳುತ್ತೀರಾ ಎಂದು ಮೇಯರ್ ಸಿಡುಕಿದರು. ಆ ಹೆಂಗಸನ್ನು ಮಗ್ದಾ ಮುಂದಿನ ಊರಿಗೆ ಕಳುಹಿಸಬೇಕಾಯಿತು. ಅಂದರೆ ಲ ಶಾಂಬೋನಿನ ಕಥೆ ಆರಂಭವಾಗುವುದು ಅರ್ಧ ಸೋಲಿನಿಂದ. ಆದರೆ ಆ ಸೋಲು ಮಗ್ದಾರಿಗೆ ಒಂದು ಪಾಠ ಕಲಿಸಿತು. ಇನ್ನು ಮುಂದೆ ಬಾಗಿಲು ತಟ್ಟಿದವರಿಗೆ ಆಶ್ರಯ ಕೊಡಲು ಅಧಿಕಾರಿಗಳ ಅಪ್ಪಣೆಗೆ ಕಾಯಬಾರದು. ಮುಂದಿನ ನಾಲ್ಕು ವರ್ಷಗಳಲ್ಲಿ ಈ ಊರು ಮತ್ತು ಸುತ್ತಲಿನ ಹಳ್ಳಿಗಳು ಸಾವಿರಾರು ಜನರಿಗೆ ಬಾಗಿಲು ತೆರೆದವು. ಒಟ್ಟು ಐದು ಸಾವಿರದಷ್ಟು ಮಂದಿ ಇಲ್ಲಿ ಆಶ್ರಯ ಪಡೆದರು, ಅವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಯಹೂದಿಗಳು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಗುಟ್ಟಾಗಿ ನಡೆದ ಕೆಲಸಕ್ಕೆ ಲೆಕ್ಕಪುಸ್ತಕ ಇರುವುದಿಲ್ಲ. ಹಾಗಾಗಿ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲಸ ನಡೆದದ್ದರ ಬಗ್ಗೆ ಇಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಯುರೋಪಿನಲ್ಲಿ ಚರ್ಚುಗಳಿಗೆ ಕೊರತೆ ಇರಲಿಲ್ಲ, ಪ್ರಾರ್ಥಿಸುವವರಿಗೂ ಕೊರತೆ ಇರಲಿಲ್ಲ. ಹಾಗಿದ್ದರೂ ಲಕ್ಷಾಂತರ ಬಾಗಿಲುಗಳು ಮುಚ್ಚಿಕೊಂಡಾಗ ಈ ಊರಿನ ಬಾಗಿಲುಗಳು ಮಾತ್ರ ಯಾಕೆ ತೆರೆದವು?

ಅಜ್ಜ-ಅಜ್ಜಿಯರ ನೆನಪು

ಉತ್ತರದ ಒಂದು ಭಾಗ ಹದಿನೇಳನೇ ಶತಮಾನದಲ್ಲಿದೆ. ಲ ಶಾಂಬೋನಿನ ಜನರಲ್ಲಿ ಹೆಚ್ಚಿನವರು ಹ್ಯೂಗೆನಾಟರ, ಅಂದರೆ ಫ್ರಾನ್ಸಿನ ಪ್ರಾಟೆಸ್ಟಂಟರ, ವಂಶಜರು. ಕ್ಯಾಥೊಲಿಕ್ ಬಹುಸಂಖ್ಯಾತರ ದೇಶದಲ್ಲಿ ಇವರು ಸಣ್ಣ ಅಲ್ಪಸಂಖ್ಯಾತ ಸಮುದಾಯ. 1598ರಲ್ಲಿ ನಾಲ್ಕನೇ ಹೆನ್ರಿ ದೊರೆ ನಾಂತ್ ಶಾಸನದ ಮೂಲಕ ಇವರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ. 1685ರಲ್ಲಿ ಹದಿನಾಲ್ಕನೇ ಲೂಯಿ ಅದನ್ನು ರದ್ದು ಮಾಡಿದ. ಚರ್ಚುಗಳು ನೆಲಸಮವಾದವು. ಮತ ಬದಲಿಸಲೊಪ್ಪದ ಸಭಾಪಾಲಕರಿಗೆ ದೇಶ ಬಿಡಲು ಕೇವಲ ಎರಡು ವಾರದ ಗಡುವು ಸಿಕ್ಕಿತು. ಸಾಮಾನ್ಯ ಜನರಿಗಾದರೋ ದೇಶ ಬಿಡುವುದೇ ಅಪರಾಧವಾಯಿತು. ಸಿಕ್ಕಿಬಿದ್ದ ಗಂಡಸರನ್ನು ಹಡಗುಗಳಲ್ಲಿ ಸಂಕೋಲೆ ತೊಡಿಸಿ ಹುಟ್ಟು ಹಾಕಲು ಕಳುಹಿಸಿದರು, ಹೆಂಗಸರನ್ನು ಸೆರೆಮನೆಗೆ ತಳ್ಳಿದರು. ಉಳಿದವರು ಕಾಡುಮೇಡುಗಳಲ್ಲಿ, ಬಂಡೆಗಳ ಮರೆಯಲ್ಲಿ ಕದ್ದುಮುಚ್ಚಿ ಸೇರಿ ಪ್ರಾರ್ಥನೆ ಮಾಡಿದರು. ತಲೆಮರೆಸಿಕೊಂಡ ಬೋಧಕರನ್ನು ರೈತರು ಹಟ್ಟಿ-ಅಟ್ಟಗಳಲ್ಲಿ ಅಡಗಿಸಿಟ್ಟರು. 1787ರಲ್ಲಿ ಸಹಿಷ್ಣುತೆಯ ಶಾಸನ ಬರುವವರೆಗೆ, ಸರಿಸುಮಾರು ನೂರು ವರ್ಷ, ಇದು ನಡೆಯಿತು.

ಈ ಸಮುದಾಯದ ಪ್ರತಿ ಮಗುವೂ ಕೇಳಿ ಬೆಳೆಯುವ ಹೆಸರು ಮರೀ ದ್ಯುರಾಂ. ಹರೆಯದಲ್ಲಿ, 1730ರಲ್ಲಿ, ಬಂಧನಕ್ಕೊಳಗಾದ ಈಕೆ ಎಗ್ ಮಾರ್ತ್ ಎಂಬಲ್ಲಿನ ಕೋಟೆಗೋಪುರದಲ್ಲಿ 38 ವರ್ಷ ಸೆರೆಯಲ್ಲಿದ್ದಳು. ತನ್ನ ನಂಬಿಕೆಯನ್ನು ಬಿಟ್ಟೆ ಎಂದು ಒಂದು ಮಾತು ಹೇಳಿದ್ದರೆ ಬಿಡುಗಡೆ ಸಿಗುತ್ತಿತ್ತು. ಆಕೆ ಹೇಳಲಿಲ್ಲ. ಹೊರಬಂದದ್ದು 1768ರಲ್ಲಿ. ಆ ಗೋಪುರದ ಕಲ್ಲಿನ ಮೇಲೆ ‘ಎದುರಿಸಿ ನಿಲ್ಲು’ ಎಂಬರ್ಥದ ಒಂದೇ ಪದ ಕೆತ್ತಲಾಗಿದೆ. ಅದನ್ನು ಕೆತ್ತಿದವಳು ಆಕೆಯೇ ಎಂಬುದು ಜನರ ನಂಬಿಕೆ.

ಹಿಂಸೆಗೊಳಗಾದ ನೆನಪು ಪ್ರತಿ ಸಮುದಾಯದಲ್ಲೂ ಇರುತ್ತದೆ. ಅದನ್ನು ಏನು ಮಾಡುತ್ತೇವೆ ಎಂಬುದರಲ್ಲಿ ವ್ಯತ್ಯಾಸವಿದೆ. ಕೆಲವರು ಅದನ್ನು ಸೇಡಿನ ಬೀಜವಾಗಿ ಕಾಪಿಡುತ್ತಾರೆ. ಕೆಲವರು ‘ನಮ್ಮ ಪಾಡು ನಮಗೆ ಸಾಕು’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಲ ಶಾಂಬೋನಿನ ಜನ ಅದನ್ನು ಒಂದು ಸಾಲವೆಂದು ತಿಳಿದರು. ತಮ್ಮ ಹಿರಿಯರನ್ನು ಯಾರೋ ಅಡಗಿಸಿಟ್ಟಿದ್ದರಿಂದ ತಾವು ಇಂದು ಇದ್ದೇವೆ. ಹಾಗಿರುವಾಗ ಬೆನ್ನಟ್ಟಲ್ಪಟ್ಟು ಬಂದವನನ್ನು ಹೊರಗೆ ನಿಲ್ಲಿಸುವುದು ಹೇಗೆ? ಸುತ್ತಲಿನ ಹಳ್ಳಿಗಳ ಕೆಲವು ರೈತರು ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ದಿನವೂ ಓದುವ ಕಟ್ಟುನಿಟ್ಟಿನ ಪಂಥದವರಾಗಿದ್ದರು. ಅವರ ಪಾಲಿಗೆ ಯಹೂದಿಗಳು ಅಪರಿಚಿತರೇ ಅಲ್ಲ. ತಾವು ದಿನಾ ಓದುವ ಗ್ರಂಥದೊಳಗಿನಿಂದ ಎದ್ದು ಬಂದ ಜನ.

ಇದಕ್ಕೆ ಬದುಕಿನ ರೂಢಿಯೂ ಜೊತೆಯಾಗಿತ್ತು. ಸೇಂತ್ ಎತಿಯೆನ್‌ನಂಥ ಕೈಗಾರಿಕಾ ನಗರಗಳ ಬಡ ಕಾರ್ಮಿಕರ ಮಕ್ಕಳನ್ನು ಗುಡ್ಡದ ಒಳ್ಳೆಯ ಗಾಳಿಗಾಗಿ ಈ ಹಳ್ಳಿಗಳಿಗೆ ಕರೆತರುವ ಪದ್ಧತಿ 1893ರಿಂದಲೇ ಇತ್ತು. 1902ರಲ್ಲಿ ಸಣ್ಣ ರೈಲು ಬಂದ ಮೇಲೆ ಬೇಸಿಗೆಯ ಅತಿಥಿಗಳಿಗಾಗಿ ವಸತಿಗೃಹಗಳೂ ಹುಟ್ಟಿಕೊಂಡವು. ಪರರ ಮಕ್ಕಳಿಗೆ ಉಣಬಡಿಸುವುದು, ಖಾಲಿ ಕೋಣೆಗೆ ಹೊಸಬರನ್ನು ಸೇರಿಸಿಕೊಳ್ಳುವುದು ಇಲ್ಲಿನ ಹೆಂಗಸರಿಗೆ ಹೊಸತಾಗಿರಲಿಲ್ಲ. ಸ್ಪೇನಿನ ಅಂತರ್ಯುದ್ಧದ ನಿರಾಶ್ರಿತರೂ ಆಗಲೇ ಬಂದಿದ್ದರು. ಕಷ್ಟದ ಕಾಲ ಬಂದಾಗ ಕೈಗೆ ರೂಢಿಯಾದದ್ದೇ ನೆರವಿಗೆ ಬರುತ್ತದೆ.

ಶರಣಾಗತಿಯ ಮರುದಿನ

ಆಂದ್ರೆ ಟ್ರೋಕ್ಮೆ ಈ ಊರಿಗೆ ಸಭಾಪಾಲಕರಾಗಿ ಬಂದದ್ದು 1934ರಲ್ಲಿ. ಅವರ ತಂದೆ ಫ್ರೆಂಚ್, ತಾಯಿ ಜರ್ಮನ್. ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ಹುಡುಗನಾಗಿದ್ದಾಗಲೇ ಕಂಡಿದ್ದರು. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು ಎಂಬ ಅವರ ನಿಲುವು ಅವರ ಸಭೆಯ ಹಿರಿಯರಿಗೇ ಇರುಸುಮುರುಸು ತರುತ್ತಿತ್ತು. ಅಂಥವರನ್ನು ಈ ಮೂಲೆಯ ಊರು ಸ್ವೀಕರಿಸಿತು. 1938ರಲ್ಲಿ ಅವರು ಎದುವಾರ್ ತೇಸ್ ಎಂಬ ಮತ್ತೊಬ್ಬ ಸಭಾಪಾಲಕರ ಜೊತೆ ಸೇರಿ ಹುಡುಗ-ಹುಡುಗಿಯರಿಬ್ಬರಿಗೂ ಒಂದು ಶಾಲೆ ತೆರೆದರು. ಮುಂದೆ ಆಶ್ರಯ ಬೇಡಿ ಬಂದ ಎಷ್ಟೋ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಈ ಶಾಲೆ ಆಸರೆಯಾಯಿತು.

1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನ ಜರ್ಮನಿಯೊಂದಿಗೆ ಶರಣಾಗತಿಯ ಒಪ್ಪಂದಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಇಬ್ಬರೂ ಸಭಾಪಾಲಕರು ಚರ್ಚಿನಲ್ಲಿ ನಿಂತು ಸಭೆಗೆ ಹೇಳಿದ್ದರ ಸಾರಾಂಶ ಇಷ್ಟು: ಕ್ರೈಸ್ತ ಆತ್ಮಸಾಕ್ಷಿಗೆ ವಿರುದ್ಧವಾದ ಆಜ್ಞೆಗಳು ಬರಲಿವೆ. ಅವುಗಳನ್ನು ಆತ್ಮದ ಆಯುಧಗಳಿಂದ ಎದುರಿಸಬೇಕು. ಭಯವಿಲ್ಲದೆ, ಅಹಂಕಾರವಿಲ್ಲದೆ, ದ್ವೇಷವಿಲ್ಲದೆ ಎದುರಿಸಬೇಕು. ಈ ಮೂರನೆಯ ಮಾತನ್ನು ಗಮನಿಸಬೇಕು. ಶತ್ರುವನ್ನು ದ್ವೇಷಿಸಲು ಎಲ್ಲ ಕಾರಣಗಳೂ ಇದ್ದ ದಿನ ಆಡಿದ ಮಾತದು.

ಆಜ್ಞೆಗಳು ಬೇಗನೇ ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಶಿಯಲ್ಲಿದ್ದ ಮಾರ್ಶಲ್ ಪೆತಾಂನ ಸರಕಾರ ಯಹೂದಿಗಳನ್ನು ಸರಕಾರಿ ಕೆಲಸಗಳಿಂದ ಹೊರಹಾಕುವ ಕಾನೂನು ತಂದಿತು. ಪರದೇಶದ ಯಹೂದಿಗಳನ್ನು ಗುರ್ಸ್, ರಿವ್ಸಾಲ್ತ್ ಮುಂತಾದ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಹಸಿವು, ಕೆಸರು, ರೋಗಗಳ ಆ ಶಿಬಿರಗಳಿಂದ ಮಕ್ಕಳನ್ನಾದರೂ ಬಿಡಿಸಲು ಕ್ವೇಕರರು, ಸಿಮಾದ್ ಎಂಬ ಪ್ರಾಟೆಸ್ಟಂಟ್ ಸೇವಾಸಂಸ್ಥೆ, ಸ್ವಿಸ್ ನೆರವಿನ ಕಾರ್ಯಕರ್ತರು ಓಡಾಡುತ್ತಿದ್ದರು. ಬಿಡಿಸಿದ ಮೇಲೆ ಮಕ್ಕಳನ್ನು ಇಡುವುದೆಲ್ಲಿ? ಲ ಶಾಂಬೋನ್ ‘ನಮ್ಮಲ್ಲಿ’ ಎಂದಿತು. ಒಂದರ ನಂತರ ಒಂದರಂತೆ ಮಕ್ಕಳ ಮನೆಗಳು ತೆರೆದವು.

ಅಡುಗೆಮನೆಯಲ್ಲಿ ನಡೆದ ಹೋರಾಟ

ಪ್ರತಿರೋಧವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಬಂದೂಕು, ಬಾಂಬು. ಲ ಶಾಂಬೋನಿನಲ್ಲಿ ಅದು ಸೂಪಿನ ಪಾತ್ರೆಗೆ ಮತ್ತೊಂದು ಸೌಟು ನೀರು ಸೇರಿಸುವ ರೂಪದಲ್ಲಿತ್ತು. ಯುದ್ಧಕಾಲದಲ್ಲಿ ಬ್ರೆಡ್ಡು, ಕೊಬ್ಬು, ಸಕ್ಕರೆ ಎಲ್ಲವೂ ರೇಷನ್ ಚೀಟಿಗೇ ಸಿಗುತ್ತಿದ್ದವು. ಚೀಟಿಯಿಲ್ಲದ ಅತಿಥಿ ಎಂದರೆ ಮನೆಯವರ ತಟ್ಟೆಯಿಂದಲೇ ಪಾಲು ಹೋಗಬೇಕು. ಹರಿದ ಚಪ್ಪಲಿಗೆ ಬದಲಿ ಹುಡುಕಬೇಕು, ಜ್ವರ ಬಂದ ಮಗುವಿಗೆ ಗುಟ್ಟಾಗಿ ವೈದ್ಯರನ್ನು ಕರೆಯಬೇಕು. ಇದು ಒಂದು ದಿನದ ಸಾಹಸವಲ್ಲ, ಸಾವಿರ ದಿನಗಳ ಚಾಕರಿ. ಇದನ್ನು ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಅನೇಕರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹೊಸ ಅತಿಥಿಗಳು ಬರುವ ಸುದ್ದಿಯನ್ನು ಪತ್ರದಲ್ಲಿ ‘ಹಳೆಯ ಒಡಂಬಡಿಕೆಯ ಪ್ರತಿಗಳನ್ನು ಕಳುಹಿಸುತ್ತಿದ್ದೇವೆ’ ಎಂದು ಬರೆಯುತ್ತಿದ್ದರು. ಮೂರು ಪ್ರತಿಗಳೆಂದರೆ ಮೂವರು ಯಹೂದಿಗಳು. ಸುಳ್ಳು ಗುರುತುಪತ್ರಗಳನ್ನು ಮಾಡಿಕೊಡುತ್ತಿದ್ದವನು ಆಸ್ಕರ್ ರೊಸೊವ್ಸ್ಕಿ ಎಂಬ ಹದಿನೆಂಟರ ಆಸುಪಾಸಿನ ಯಹೂದಿ ಹುಡುಗ. ಅವನ ಸಾಮಗ್ರಿಗಳು ರೈತನೊಬ್ಬನ ಜೇನುಪೆಟ್ಟಿಗೆಗಳಲ್ಲಿ ಅಡಗಿರುತ್ತಿದ್ದವು. ಕಾಪಾಡಲ್ಪಟ್ಟವರು ಸುಮ್ಮನೆ ಕುಳಿತಿರಲಿಲ್ಲ, ಇತರರನ್ನು ಕಾಪಾಡುವ ಕೆಲಸದಲ್ಲಿ ಕೈಜೋಡಿಸಿದ್ದರು ಎಂಬುದನ್ನು ಇದು ನೆನಪಿಸುತ್ತದೆ.

1942ರ ಜುಲೈ 16 ಮತ್ತು 17ರಂದು ಪ್ಯಾರಿಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು 13,000 ಯಹೂದಿಗಳನ್ನು ಹಿಡಿದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಆಗಸ್ಟ್ 10ರಂದು ಯುವಜನ ಖಾತೆಯ ಮುಖ್ಯಸ್ಥ ಲಾಮಿರಾಂ ಲ ಶಾಂಬೋನಿಗೆ ಭೇಟಿ ಕೊಟ್ಟಾಗ ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಇಟ್ಟರು. ಪ್ಯಾರಿಸಿನಲ್ಲಿ ನಡೆದದ್ದು ನಮಗೆ ಗೊತ್ತಿದೆ; ನಮ್ಮ ನಡುವೆ ಯಹೂದಿಗಳಿದ್ದಾರೆ; ಅವರನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದರೆ ನಾವು ಪಾಲಿಸುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ತಿಂಗಳು ಮುಗಿಯುವ ಮೊದಲೇ ಪೊಲೀಸರು ಖಾಲಿ ಬಸ್ಸುಗಳೊಂದಿಗೆ ಬಂದರು. ಯಹೂದಿಗಳ ಪಟ್ಟಿ ಕೇಳಿದರು. ಟ್ರೋಕ್ಮೆ ಕೊಡಲಿಲ್ಲ. ಯಹೂದಿ ಎಂದರೆ ಏನೆಂದು ನಮಗೆ ಗೊತ್ತಿಲ್ಲ, ನಮಗೆ ಗೊತ್ತಿರುವುದು ಮನುಷ್ಯರು ಮಾತ್ರ ಎಂದು ಅವರು ಅಧಿಕಾರಿಗಳಿಗೆ ಕೊಟ್ಟ ಉತ್ತರ ಇಂದಿಗೂ ಪ್ರಸಿದ್ಧ. ಪೊಲೀಸರು ಮನೆ, ಹಟ್ಟಿ, ಕಾಡು ಎಲ್ಲವನ್ನೂ ಜಾಲಾಡಿದರು. ಬಸ್ಸುಗಳು ಬಹುತೇಕ ಖಾಲಿಯಾಗಿಯೇ ಉಳಿದವು. ಸಿಕ್ಕಿಬಿದ್ದ ಒಬ್ಬಾತ ಬಸ್ಸಿನಲ್ಲಿ ಒಂಟಿಯಾಗಿ ಕುಳಿತಿದ್ದಾಗ ಟ್ರೋಕ್ಮೆಯವರ ಮಗ ಹೋಗಿ ತನ್ನಲ್ಲಿದ್ದ ಚಾಕೊಲೇಟಿನ ತುಂಡನ್ನು ಕೊಟ್ಟ. ಊರವರೂ ಒಬ್ಬೊಬ್ಬರಾಗಿ ತಮ್ಮಲ್ಲಿದ್ದುದನ್ನು ತಂದು ಕೊಟ್ಟರು.

1943ರ ಫೆಬ್ರವರಿ 13ರಂದು ಪೊಲೀಸರು ಟ್ರೋಕ್ಮೆಯವರನ್ನೇ ಬಂಧಿಸಲು ಬಂದರು. ಊಟದ ಹೊತ್ತು. ಗಂಡ ಮನೆಯಲ್ಲಿರಲಿಲ್ಲ. ಅವರು ಬಂದ ಮೇಲೂ ಚೀಲ ಕಟ್ಟಲು ಹೊತ್ತು ಬೇಕಿತ್ತು. ಮಗ್ದಾ ಆ ಪೊಲೀಸರನ್ನೂ ಊಟಕ್ಕೆ ಎಬ್ಬಿಸಿದರು. ಗಂಡನನ್ನು ಹಿಡಿಯಲು ಬಂದವರಿಗೆ ಹೇಗೆ ಬಡಿಸಿದಿರಿ ಎಂದು ಮುಂದೆ ಜನ ಬೆರಗಾಗಿ ಕೇಳಿದಾಗ ಅವರ ಉತ್ತರ ಸರಳವಾಗಿತ್ತು: ಊಟದ ಹೊತ್ತಾಗಿತ್ತು, ಎಲ್ಲರೂ ಉಣ್ಣಬೇಕಿತ್ತು. ಶತ್ರುವನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧನೆಯ ಮೇಲೆ ಸಾವಿರಾರು ಪುಟಗಳ ವ್ಯಾಖ್ಯಾನಗಳಿವೆ. ಮಗ್ದಾ ಒಂದು ತಟ್ಟೆ ಹೆಚ್ಚಿಗೆ ಇಟ್ಟರು.

ತೆತ್ತ ಬೆಲೆ

ಟ್ರೋಕ್ಮೆ, ತೇಸ್ ಮತ್ತು ಶಾಲಾ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕ್ ಸುಮಾರು ಒಂದು ತಿಂಗಳು ಶಿಬಿರದಲ್ಲಿದ್ದು ಬಿಡುಗಡೆಯಾದರು. ಇಬ್ಬರು ಸಭಾಪಾಲಕರೂ ಆಮೇಲೆ ತಲೆಮರೆಸಿಕೊಳ್ಳಬೇಕಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ನಾಯಕರಿಲ್ಲದಾಗಲೂ ಮುಂದುವರಿದ ಕೆಲಸವೇ ಅದು ಇಡೀ ಊರಿನದು ಎಂಬುದಕ್ಕೆ ಸಾಕ್ಷಿ.

ಎಲ್ಲರೂ ಬದುಕಿ ಉಳಿಯಲಿಲ್ಲ. 1943ರ ಜೂನ್ 29ರಂದು ಗೆಸ್ಟಾಪೋ ವಿದ್ಯಾರ್ಥಿ ನಿಲಯವೊಂದರ ಮೇಲೆ ದಾಳಿ ಮಾಡಿ ಹದಿನೆಂಟು ವಿದ್ಯಾರ್ಥಿಗಳನ್ನು ಹಿಡಿಯಿತು. ನಿಲಯದ ಹೊಣೆ ಹೊತ್ತಿದ್ದ ಡೇನಿಯಲ್ ಟ್ರೋಕ್ಮೆ, ಆಂದ್ರೆಯವರ ಸಂಬಂಧಿ, ದುರ್ಬಲ ಹೃದಯದ ಯುವ ಶಿಕ್ಷಕ. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ತನ್ನ ಹುಡುಗರನ್ನು ಬಿಟ್ಟು ಹೋಗಲಿಲ್ಲ. 1944ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಊರಿನ ವೈದ್ಯ ರೋಜೆ ಲ ಫೊರೆಸ್ತಿಯೆ ಅದೇ ವರ್ಷದ ಆಗಸ್ಟ್ 20ರಂದು, ವಿಮೋಚನೆ ಹೊಸ್ತಿಲಿಗೆ ಬಂದಿದ್ದಾಗ, ಲಿಯೋನ್ ಬಳಿ ಜರ್ಮನರ ಗುಂಡಿಗೆ ಬಲಿಯಾದರು. ದಯೆ ತೋರಿಸಿದವರಿಗೆ ಕೇಡಾಗುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಈ ಇಬ್ಬರ ಕಥೆ ಹೇಳುವಾಗ ಆ ಮಾತನ್ನು ಹೇಳಲಾಗದು. ಕೇಡಾಗಬಹುದೆಂದು ಗೊತ್ತಿದ್ದೂ ಮಾಡಿದ್ದರಿಂದಲೇ ಅದಕ್ಕೆ ಬೆಲೆ.

ಧನ್ಯವಾದದ ದಾರಿ

ಇವರ ನಂಬಿಕೆಯ ಇನ್ನೊಂದು ಅಂಶವನ್ನು ತಿಳಿಯದೆ ಈ ಕಥೆ ಪೂರ್ತಿ ಅರ್ಥವಾಗದು. ಕ್ಯಾಲ್ವಿನನ ಪರಂಪರೆಯ ಕ್ರೈಸ್ತರಲ್ಲಿ ಸತ್ಕಾರ್ಯವು ಮೋಕ್ಷವನ್ನು ಕೊಳ್ಳುವ ನಾಣ್ಯವಲ್ಲ. ದೇವರ ಕೃಪೆ ಮೊದಲೇ ಉಚಿತವಾಗಿ ಸಿಕ್ಕಿದೆ. ಮನುಷ್ಯ ಮಾಡುವ ಒಳಿತೆಲ್ಲ ಅದಕ್ಕೆ ಸಲ್ಲಿಸುವ ಕೃತಜ್ಞತೆ. 1563ರಲ್ಲಿ ಜರ್ಮನಿಯಲ್ಲಿ ರಚಿತವಾದ, ಈ ಪರಂಪರೆಯ ಪ್ರಮುಖ ಬೋಧನಾಗ್ರಂಥವಾದ ಹೈಡೆಲ್‌ಬರ್ಗ್ ಪ್ರಶ್ನೋತ್ತರವು ನೀತಿಯ ಆಜ್ಞೆಗಳನ್ನೆಲ್ಲ ‘ಕೃತಜ್ಞತೆ’ ಎಂಬ ಭಾಗದಲ್ಲೇ ಇಟ್ಟಿದೆ. ಒಳ್ಳೆಯ ಕೆಲಸವೇ ಒಂದು ಧನ್ಯವಾದ ಎಂದಾದರೆ ಅದಕ್ಕೆ ಪ್ರತಿಯಾಗಿ ಇನ್ನೊಂದು ಧನ್ಯವಾದ ಕೇಳುವುದು ಹೇಗೆ?

ಯುದ್ಧಾನಂತರ ಊರಿನವರು ತಮ್ಮ ಬಗ್ಗೆ ಹೇಳಿಕೊಳ್ಳಲಿಲ್ಲ. 1970ರ ದಶಕದಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಫಿಲಿಪ್ ಹ್ಯಾಲಿ ಅಲ್ಲಿಗೆ ಹೋಗಿ ವಿಚಾರಿಸಿದಾಗ, ‘ಒಳ್ಳೆಯವರು’ ಎಂಬ ಪದ ಕೇಳಿಯೇ ಜನ ಮುಜುಗರಪಟ್ಟರು. ಮಾಡಬೇಕಾದ್ದನ್ನು ಮಾಡಿದೆವು, ಅದರಲ್ಲೇನಿದೆ ಎಂದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮಲ್ಲೂ ಇದೆ. ಕನ್ನಡದಲ್ಲಿ ‘ಹಂಗು’ ಎಂಬ ಅರ್ಥಪೂರ್ಣ ಪದವಿದೆ. ಉಪಕಾರ ಮಾಡಿದವನು ಅದನ್ನು ಎತ್ತಿ ಆಡಿದಾಗ ಅದು ಹಂಗಾಗುತ್ತದೆ, ಉಂಡ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಲ ಶಾಂಬೋನಿನವರು ತಮ್ಮ ಅತಿಥಿಗಳನ್ನು ಸಾವಿನಿಂದ ಉಳಿಸಿದ್ದರ ಜೊತೆಗೆ ಹಂಗಿನಿಂದಲೂ ಉಳಿಸಿದರು.

ಹಾಗೆಂದು ಉಪಕಾರ ಪಡೆದವರು ಮರೆಯಲಿಲ್ಲ. 1979ರಲ್ಲಿ ಆಶ್ರಯ ಪಡೆದ ಯಹೂದಿಗಳು ಚರ್ಚಿನ ಎದುರು ಕೃತಜ್ಞತೆಯ ಫಲಕವೊಂದನ್ನು ನೆಟ್ಟರು. 1944ರಲ್ಲಿ ಈ ಊರಿನಲ್ಲೇ ನಿರಾಶ್ರಿತ ದಂಪತಿಗೆ ಹುಟ್ಟಿದ ಪಿಯರ್ ಸೊವಾಜ್ ಎಂಬ ಮಗು ಬೆಳೆದು ಚಲನಚಿತ್ರಕಾರನಾಗಿ ಊರಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ. 1990ರಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ, ಸಾಮಾನ್ಯವಾಗಿ ವ್ಯಕ್ತಿಗಳಿಗೆ ಮಾತ್ರ ಕೊಡುವ ಗೌರವವನ್ನು ಈ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಒಟ್ಟಾಗಿ ಸಲ್ಲಿಸಿತು. ವಿಯೆನ್ನಾದಲ್ಲಿ ಹುಟ್ಟಿ, 1943ರಲ್ಲಿ ಹುಡುಗನಾಗಿ ಕುಟುಂಬದ ಜೊತೆ ಇಲ್ಲಿ ಅಡಗಿದ್ದ ಎರಿಕ್ ಶ್ವಾಮ್ 2020ರ ಡಿಸೆಂಬರಿನಲ್ಲಿ ತನ್ನ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಔಷಧ ತಜ್ಞರಾಗಿದ್ದ ಅವರು ಸುಮಾರು 20 ಲಕ್ಷ ಯೂರೋಗಳನ್ನು ಊರಿನ ಮಕ್ಕಳ ವಿದ್ಯಾಭ್ಯಾಸಕ್ಕೆ, ಯುವಜನರ ಏಳಿಗೆಗೆ ಬಳಸಬೇಕೆಂದು ಉಯಿಲು ಬರೆದಿಟ್ಟಿದ್ದರು. ಸದ್ದಿಲ್ಲದೆ ಪಡೆದದ್ದಕ್ಕೆ ಸದ್ದಿಲ್ಲದ ಕೃತಜ್ಞತೆ, ಎಪ್ಪತ್ತೇಳು ವರ್ಷಗಳ ಬಳಿಕ.

ಉಳಿಯುವ ಮಾತು

ಈ ಕಥೆಯನ್ನು ಕ್ರೈಸ್ತ ಯುರೋಪಿನ ಹೆಗ್ಗಳಿಕೆಯ ಕಥೆಯಾಗಿ ಓದಿದರೆ ತಪ್ಪಾಗುತ್ತದೆ. ಫ್ರಾನ್ಸಿನಿಂದ ಸುಮಾರು 76,000 ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಮರಳಿ ಬಂದವರು 2,500ರಷ್ಟು ಮಾತ್ರ. ರೈಲು ಓಡಿಸಿದವರು, ಪಟ್ಟಿ ಬರೆದವರು, ಕಂಡೂ ಕಾಣದಂತಿದ್ದವರು, ಹೆಚ್ಚಿನವರು, ದೀಕ್ಷಾಸ್ನಾನ ಪಡೆದ ಕ್ರೈಸ್ತರೇ. ಯಹೂದಿಗಳ ಮೇಲಿನ ದ್ವೇಷವನ್ನು ಶತಮಾನಗಳ ಕಾಲ ಧರ್ಮಪೀಠಗಳಿಂದಲೇ ಬೋಧಿಸಲಾಗಿತ್ತು. ಹಾಗೆಯೇ ಲ ಶಾಂಬೋನ್ ಒಂಟಿಯೂ ಅಲ್ಲ. ತುಲೂಸಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಸಾಲಿಯೆಜ್ 1942ರ ಆಗಸ್ಟಿನಲ್ಲಿ ಯಹೂದಿಗಳೂ ನಮ್ಮ ಸೋದರರೆಂದು ತಮ್ಮ ಚರ್ಚುಗಳಲ್ಲಿ ಓದಿಸಿದ ಪತ್ರ ದೇಶವಿಡೀ ಹರಡಿತ್ತು. ಒಂದೇ ಧರ್ಮಗ್ರಂಥವನ್ನು ಹಿಡಿದು ಒಬ್ಬ ಬಾಗಿಲು ಮುಚ್ಚಿದ, ಇನ್ನೊಬ್ಬ ತೆರೆದ. ಧರ್ಮದ ಹೆಸರನ್ನು ಹೊತ್ತಿರುವ ನಾವೆಲ್ಲರೂ ಯೋಚಿಸಬೇಕಾದ ವಿಷಯ ಇದು. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಉತ್ತರವಾಗಿ ಹೇಳಿದ್ದು ಒಂದು ಕಥೆ. ಅದರಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಧರ್ಮಗುರುಗಳು ದಾಟಿ ಹೋಗುತ್ತಾರೆ, ಎತ್ತಿ ಉಪಚರಿಸುವವನು ಹೊರಗಿನವನೆಂದು ತಿರಸ್ಕೃತನಾದ ಸಮಾರ್ಯದವನು.

ಈ ಪ್ರಸ್ಥಭೂಮಿಯಲ್ಲಿ ಇಂದಿನ ಶತಮಾನದಲ್ಲೂ ಆಶ್ರಯ ಕೋರಿ ಬಂದ ಕುಟುಂಬಗಳಿಗಾಗಿ ಒಂದು ಕೇಂದ್ರ ತೆರೆದಿದೆ. ಚೆಚೆನ್ಯಾ, ಕಾಂಗೋ ಮುಂತಾದ ಕಡೆಗಳಿಂದ ಬಂದವರು ಅಲ್ಲಿ ನೆಲೆ ಕಂಡಿದ್ದಾರೆ. ಅವರ ಮಕ್ಕಳು ಊರಿನ ಶಾಲೆಗಳಲ್ಲಿ ಓದಿದ್ದಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಹದಿನೇಳನೇ ಶತಮಾನದ ಸಾಲವನ್ನು ಇಪ್ಪತ್ತನೆಯದರಲ್ಲಿ ತೀರಿಸಿದೆವು, ಲೆಕ್ಕ ಚುಕ್ತಾ ಆಯಿತು ಎಂದು ಆ ಊರು ಪುಸ್ತಕ ಮುಚ್ಚಲಿಲ್ಲ.

ಪೆಟ್ಟು ತಿಂದ ಸಮುದಾಯಗಳು ಲೋಕದಲ್ಲಿ ಬಹಳ ಇವೆ. ನಮಗಾದ ಅನ್ಯಾಯವನ್ನು ಮಕ್ಕಳಿಗೆ ಹೇಳಬೇಕು, ಅದು ನ್ಯಾಯವೇ. ಅದರ ಜೊತೆಗೆ ನಮ್ಮನ್ನು ಯಾರು ಅಡಗಿಸಿಟ್ಟರು, ಯಾರು ಅನ್ನ ಹಾಕಿದರು, ಯಾರ ಉಪ್ಪಿನ ಋಣದಲ್ಲಿ ನಾವಿದ್ದೇವೆ ಎಂಬುದನ್ನೂ ಹೇಳುತ್ತಿದ್ದೇವೆಯೇ? ಮೊದಲನೆಯದನ್ನಷ್ಟೇ ಕೇಳಿ ಬೆಳೆದ ಮಗು ಬಾಗಿಲಿಗೆ ಚಿಲಕ ಹಾಕುವುದನ್ನು ಕಲಿಯುತ್ತದೆ. ಎರಡನ್ನೂ ಕೇಳಿ ಬೆಳೆದದ್ದು, ಯಾರಾದರೂ ತಟ್ಟಿದಾಗ, ಎದ್ದು ಹೋಗಿ ನೋಡುತ್ತದೆ.